ಬಾಯಿ ಮುಚ್ಚಿ, ಹುಳ ಬಿಚ್ಚಿ

ರಿಯಾದಿನಲ್ಲಿ ಇಷ್ಟು ವರ್ಷ ಎಂತ ಕೆಲಸ ಮಾಡಿದಿರಿ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ, ಹುಳದ ಹೊಟ್ಟೆ ಬಿಚ್ಚುವ ಕೆಲಸ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಉಪ್ಪಿನಂಗಡಿ ಪೇಟೆಯಲ್ಲಿ ನನ್ನ ವಾರಗೆಯವರೆಲ್ಲ ಗಲ್ಫಿನಲ್ಲಿ ಅಂಗಡಿ ಇಟ್ಟವರು, ಹೋಟೆಲು ನಡೆಸಿದವರು, ಅಬ್ಕೈಕಿನ ತೈಲದ ಘಟಕದಲ್ಲಿ ಹೆಲ್ಮೆಟ್ಟು ಹಾಕಿ ಫೋಟೋ ತೆಗೆಸಿಕೊಂಡವರು. ಅವರ ನಡುವೆ ನಾನೊಬ್ಬ ಹುಳದವ. ಮಗಳ ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರು "ಲ್ಯಾಬ್ ಅಂದರೆ ರಕ್ತ ಪರೀಕ್ಷೆಯದ್ದಾ?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಝೊಹರಾ "ಹೌದು, ಅದೇ" ಎಂದುಬಿಟ್ಟಳು. ಮದುವೆ ಆಯಿತು. ಅಳಿಯನಿಗೆ ಇವತ್ತಿಗೂ ಹುಳದ ವಿಷಯ ಸರಿಯಾಗಿ ಗೊತ್ತಿಲ್ಲ.

ಈಗ ತಂಗಿಯ ಮಗಳು ಎಂಎಸ್ಸಿ ಮುಗಿಸಿ ಅಂಥದೇ ಲ್ಯಾಬಿಗೆ ಹೊರಟಿದ್ದಾಳೆ. "ಮಾಮ, ಎಂತಾದರೂ ಹೇಳಿಕೊಡಿ" ಎಂದಳು. ಹೇಳಲು ಕೂತೆ, ಅಷ್ಟರಲ್ಲಿ ಅವಳಿಗೆ ಫೋನು ಬಂತು. ಹಾಗಾಗಿ ಬರೆಯುತ್ತಿದ್ದೇನೆ. ಅವಳ ಹಾಗೆ ಹೊರಟ ಬೇರೆಯವರಿಗೂ ಉಪಯೋಗಕ್ಕೆ ಬಂದರೆ ಒಳ್ಳೆಯದು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ನಿಮಗೆ ಬೇಡ. ನನಗೂ ನೆನಪಿಲ್ಲ.

ಮೊದಲು ಹುಳದ ಪರಿಚಯ ಆಗಲಿ. ನಮ್ಮಲ್ಲಿ ತೆಂಗಿನ ಮರದೊಳಗೆ ಹೊಕ್ಕು ಕೊರೆದು ಹಾಕುವ ಕೆಂಪು ಮೂತಿ ಹುಳ ಗೊತ್ತಲ್ಲ, ಅದೇ. ಅಲ್ಲಿ ಅದಕ್ಕೆ ಖರ್ಜೂರದ ಮರ ಸಿಗುತ್ತದೆ. ಅರಬರು ಅದನ್ನು ಸೂಸಾ ಎನ್ನುತ್ತಾರೆ. ಸೂಸಾದ ಮರಿಹುಳ ಬೆಳ್ಳಗೆ, ಹೆಬ್ಬೆರಳಿನಷ್ಟು ದಪ್ಪ, ಮದುವೆ ಊಟ ಮುಗಿಸಿದವನ ಹಾಗೆ ಮಲಗಿರುತ್ತದೆ. ಅದರ ಅನ್ನನಾಳ ಹೊಟ್ಟೆಗೆ ಸೇರುವ ತಿರುವಿನಲ್ಲಿ ಒಂದು ಸಣ್ಣ ಬಿಳಿ ಗಂಟು ಇರುತ್ತದೆ. ಆ ಗಂಟಿನ ಜೀವಕೋಶಗಳ ಒಳಗೆ ನಾರ್ಡೊನೆಲ್ಲ ಎಂಬ ಬ್ಯಾಕ್ಟೀರಿಯಾದ ಸಂಸಾರ. ತಾಯಿ ಹುಳವೇ ಮೊಟ್ಟೆಯ ಮೂಲಕ ಅದನ್ನು ಮರಿಗೆ ದಾಟಿಸುತ್ತದೆ. ಒಳಗೇ ಎಲ್ಲ ಸಿಗುತ್ತದಲ್ಲ ಎಂದು ಈ ಬ್ಯಾಕ್ಟೀರಿಯಾ ತನ್ನ ಜೀನುಗಳನ್ನು ಒಂದೊಂದಾಗಿ ಕಳೆದುಕೊಂಡು ಕೂತಿದೆ. ಹೊರಗೆ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇನೆಂದರೆ ಬೆಳೆಯುವುದಿಲ್ಲ. ಉಳಿಸಿಕೊಂಡ ಕಸುಬು ಮುಖ್ಯವಾಗಿ ಒಂದೇ. ಹುಳದ ಚಿಪ್ಪು ಗಟ್ಟಿಯಾಗಲು ಬೇಕಾದ ಟೈರೋಸಿನ್ ಎಂಬ ಸಾಮಾನು ತಯಾರಿಸಿ ಕೊಡುವುದು. ಅದು ಸಿಗದಿದ್ದರೆ ಹುಳದ ಚಿಪ್ಪು ನೆನೆದ ಹಪ್ಪಳ.

ಈ ಬ್ಯಾಕ್ಟೀರಿಯಾವನ್ನು ಹುಳದಿಂದ ಬೇರ್ಪಡಿಸಿ, ಅದರ ಡಿಎನ್‌ಎ ತೆಗೆದು, ಅದರಲ್ಲಿ ಏನು ಉಳಿದಿದೆ ಏನು ಹೋಗಿದೆ ಎಂದು, ಜೀನೋಮು ಎಂಬ ಆ ಇಡೀ ಬರಹವನ್ನು ಪೂರ್ತಿ ಓದುವುದೇ ನಮ್ಮ ಲ್ಯಾಬಿನ ಕೆಲಸ. ಚಿಪ್ಪಿನ ಸಾಮಾನು ಕೊಡುವವನ ಗುಟ್ಟು ತಿಳಿದರೆ ಸೂಸಾವನ್ನು ಮಟ್ಟ ಹಾಕಲು ಒಂದು ದಾರಿ ಸಿಗುತ್ತದೆ ಎಂಬ ಆಸೆ.

"ಇದು ಮನೆ ಅಳಿಯ ಕಣ್ರೀ," ಎನ್ನುತ್ತಿದ್ದರು ನಮ್ಮ ಡಾಕ್ಟರ್ ಸುಮಂಗಲಾ. "ಮಾವನ ಮನೆ ಬಿಟ್ಟರೆ ಗತಿಯಿಲ್ಲ."

"ಅಲ್ಲ ಮೇಡಂ, ಇದು ನಾವೇ," ಎನ್ನುತ್ತಿದ್ದೆ ನಾನು. "ಕಫೀಲನನ್ನು ಬಿಟ್ಟು ಹೊರಗೆ ಕಾಲಿಟ್ಟರೆ ಮುಗಿಯಿತು." ಕಫೀಲ್ ಎಂದರೆ ನಮ್ಮ ಇಕಾಮಾಕ್ಕೆ, ಅಂದರೆ ಅಲ್ಲಿ ವಾಸ ಮಾಡುವ ಪರವಾನಗಿಗೆ, ಹೊಣೆಯಾಗುವ ಯಜಮಾನ. ಈ ತಮಾಷೆಯನ್ನು ನಾನು ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಡಾಕ್ಟರ್ ಮೈಸೂರಿನವರು, ವಿಶ್ವವಿದ್ಯಾಲಯಕ್ಕೆ ಕರಾರಿನ ಮೇಲೆ ಬಂದವರು. ನಾನು ಆಗ ರಿಯಾದಿನ ಬತ್ಹಾ ಪೇಟೆಯ ಒಂದು ಸಣ್ಣ ಕಂಪೆನಿಯ ಪರವಾಗಿ ಲ್ಯಾಬುಗಳಿಗೆ ಸಾಮಾನು ತಲುಪಿಸುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಉಳಿದದ್ದೆಲ್ಲ ಗಿರಾಕಿಗಳಿಂದ ಕಲಿತದ್ದು. ಮೊದಲ ದಿನ ಅವರಿಗೂ ನನಗೂ ಪಿಪೆಟ್ಟಿನ ತುದಿಗಳ ಬಗ್ಗೆ ಚೌಕಾಸಿ ಹತ್ತಿಕೊಂಡಿತು. ಇಂಗ್ಲಿಷಿನಲ್ಲಿ ಶುರುವಾದದ್ದು ಹಿಂದಿಗೆ ಬಂದು, ಸಿಟ್ಟು ಏರಿದಾಗ ಇಬ್ಬರ ಬಾಯಲ್ಲೂ ಕನ್ನಡ ಬಂತು. ಚೌಕಾಸಿ ಅಲ್ಲಿಗೇ ಬಿತ್ತು, ಊರು ಯಾವುದೆಂಬ ವಿಚಾರಣೆ ಶುರುವಾಯಿತು.

"ಆ ಕಡೆ ಕೂತು ನನಗೆ ಮಾರೋ ಬದಲು ಈ ಕಡೆ ಕೂತು ನನಗೋಸ್ಕರ ಕೊಂಡ್ಕೊಳ್ರೀ," ಎಂದರು ಡಾಕ್ಟರು. ಹಾಗೆ ಸೇರಿದವನು ನಿವೃತ್ತಿಯ ತನಕ ಅಲ್ಲೇ ಉಳಿದೆ.

ಇಲ್ಲಿ ಒಂದು ಬುದ್ಧಿಮಾತು. ಲ್ಯಾಬಿನ ಸಾಮಾನು ಕೊಳ್ಳುವಾಗ ರಿಯಾಯಿತಿ ಕೇಳಬೇಡಿ, ಕೇಳಿದರೆ ಮಾರುವವ ಗಟ್ಟಿಯಾಗುತ್ತಾನೆ. ಅವಧಿ ಮುಗಿಯಲು ಹತ್ತಿರ ಬಂದ ಎಂಜೈಮು ಅವನ ಫ್ರಿಜ್ಜಿನಲ್ಲಿ ಇದ್ದೇ ಇರುತ್ತದೆ. "ನಿಮಗೆ ಜಾಗ ಇಲ್ಲದಿದ್ದರೆ ನಮ್ಮಲ್ಲಿ ಇಡಿ" ಎಂದು ಹೇಳಿ, ಮತ್ತೆ ಚಹಾದ ವಿಷಯ ಮಾತಾಡಿ. ಎಂಜೈಮು ತಾನಾಗಿ ಬರುತ್ತದೆ. ಹೊಸ ಯಂತ್ರ ತೋರಿಸಲು ಬಂದವನಿಗೆ ನಿಮ್ಮ ಅತಿ ಕಷ್ಟದ ಮಾದರಿಯನ್ನೇ ಕೊಟ್ಟು ಓಡಿಸಲು ಹೇಳಿ. ಅವನ ಪ್ರದರ್ಶನ, ನಿಮ್ಮ ಫಲಿತಾಂಶ.

ಡಾಕ್ಟರು ನನಗೆ ಹುಳ ಬಿಚ್ಚಲು ಕಲಿಸಿದರು. ಹುಳವನ್ನು ಐಸಿನ ಮೇಲಿಟ್ಟು ಮಂಕು ಮಾಡಿ, ಆಲ್ಕೋಹಾಲಿನಲ್ಲಿ ಒರೆಸಿ, ಸೂಕ್ಷ್ಮದರ್ಶಕದ ಕೆಳಗೆ ಬೆನ್ನು ಸೀಳಿ, ಕೊಬ್ಬು ಸರಿಸಿ ಆ ಬಿಳಿ ಗಂಟು ಎತ್ತಬೇಕು. ಗಂಟನ್ನು ಮೆಲ್ಲಗೆ ಅರೆದರೆ ಹುಳದ ಜೀವಕೋಶ ಒಡೆಯುತ್ತದೆ, ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ. ಹೊರಗೆ ಚೆಲ್ಲಿದ ಹುಳದ ಡಿಎನ್‌ಎಯನ್ನು ತಿಂದು ಮುಗಿಸಲು ಒಂದು ಎಂಜೈಮು ಹಾಕಬೇಕು. ಆ ಎಂಜೈಮಿನ ಆಟ ನಿಲ್ಲಿಸಿದ ಮೇಲೆ ಮಾತ್ರ ಬ್ಯಾಕ್ಟೀರಿಯಾ ಒಡೆಯಬೇಕು. ಮೊದಲು ಅಂಗಳದ ಜನ ಖಾಲಿ ಮಾಡಿಸಿ, ಖಾಲಿ ಮಾಡಿಸಿದವನನ್ನೂ ಹೊರಗೆ ಕಳಿಸಿ, ಕೊನೆಗೆ ಬಾಗಿಲು ತೆರೆಯಿರಿ. ಈ ಕ್ರಮ ತಪ್ಪಿದರೆ ಎಂಜೈಮು ನಿಮ್ಮ ಫಲವನ್ನೂ ತಿಂದು ತೇಗುತ್ತದೆ.

ನನ್ನ ಕೈ ಒಳ್ಳೆಯದಿತ್ತು. ತೊಂದರೆ ಇದ್ದದ್ದು ಬಾಯಿಯಲ್ಲಿ. ಮಾಸ್ಕು ಹಾಕಿಕೊಳ್ಳುತ್ತಿದ್ದೆ, ಆದರೆ ಮಾತಾಡಲು ಅಡ್ಡಿ ಎಂದು ಗಲ್ಲದ ಕೆಳಗೆ ಇಳಿಸಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಹೆಸ್ಸಾ ಪರದೆ ನೋಡುತ್ತಾ ಕೂತಿದ್ದಳು. ಹೆಸ್ಸಾ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸೌದಿ ಹುಡುಗಿ. ನನ್ನನ್ನು "ಅಮ್ಮಿ" ಎನ್ನುತ್ತಿದ್ದಳು. ಹಾಗೆಂದರೆ ಅರಬಿಯಲ್ಲಿ ಚಿಕ್ಕಪ್ಪ ಎಂದು ಗೊತ್ತಾಗುವ ತನಕ ನನಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

"ಅಮ್ಮಿ ಹಮೀದ್, ಸೂಸಾಕ್ಕೆ ಹಲ್ಲು ಉಂಟಾ?"

"ಹಲ್ಲೆಲ್ಲಿ ಮಗಳೇ, ದವಡೆ ಉಂಟು."

"ಮತ್ತೆ ಮನುಷ್ಯರ ಹಲ್ಲಿನ ಸಂದಿಯ ಬ್ಯಾಕ್ಟೀರಿಯಾ ಇದರ ಹೊಟ್ಟೆಗೆ ಹೇಗೆ ಬಂತು?"

ಡಾಕ್ಟರು ಕನ್ನಡಕ ಮೇಲೇರಿಸಿದರು. "ಹಮೀದ್, ಆವತ್ತು ಹುಳ ಬಿಚ್ಚುವಾಗ ಯಾವ ಕಥೆ ಹೇಳ್ತಾ ಇದ್ರಿ?"

"ಮೀನಿನದ್ದು ಮೇಡಂ. ಬಂಗುಡೆಯವನನ್ನು ನಾನು ಹೇಗೆ ಬಗ್ಗಿಸಿದೆ ಅಂತ."

"ಸರಿ. ಬಂಗುಡೆ ಕಥೆ ಜೀನೋಮಿಗೆ ಸೇರಿದೆ."

ಹೆಸ್ಸಾಳ ಮಾದರಿ ಕೆಟ್ಟಿತು, ಎಲ್ಲ ಮತ್ತೆ ಮಾಡಬೇಕಾಯಿತು. ಡಾಕ್ಟರು ಅವತ್ತೇ ದಪ್ಪ ಕಾಗದದ ಮೇಲೆ ಕನ್ನಡದಲ್ಲಿ "ಬಾಯಿ ಮುಚ್ಚಿ, ಹುಳ ಬಿಚ್ಚಿ" ಎಂದು ಬರೆದು ನನ್ನ ಸೂಕ್ಷ್ಮದರ್ಶಕದ ಮೇಲೆ ಅಂಟಿಸಿದರು. ಅದನ್ನು ಓದಬಲ್ಲವರು ಇಡೀ ಕಟ್ಟಡದಲ್ಲಿ ನಾವಿಬ್ಬರೇ. ನೋಡಲು ಬಂದ ಒಬ್ಬ ಪ್ರೊಫೆಸರು ಅದು ನಿಮ್ಮ ಕಡೆಯ ಪ್ರಾರ್ಥನೆಯೇ ಎಂದು ಕೇಳಿದರು. "ಹೌದು, ನನ್ನದು," ಎಂದರು ಡಾಕ್ಟರು.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಮೊದಲೆಲ್ಲ ಯಂತ್ರ ಡಿಎನ್‌ಎಯನ್ನು ಚೂರು ಚೂರಾಗಿ ಓದುತ್ತಿತ್ತು. ಒಡೆದ ಮಡಕೆಯ ಬಿಲ್ಲೆ ಜೋಡಿಸಿದ ಹಾಗೆ ಕಂಪ್ಯೂಟರಿನಲ್ಲಿ ಜೋಡಿಸುತ್ತಾ ಕೂರಬೇಕು, ಎಲ್ಲೋ ಒಂದು ಕಡೆ ಬಿರುಕು ಉಳಿದೇ ಉಳಿಯುತ್ತಿತ್ತು. ಹೊಸ ಯಂತ್ರ ಉದ್ದುದ್ದ ಎಳೆಗಳನ್ನು ಓದುತ್ತದೆ, ಅದೃಷ್ಟವಿದ್ದರೆ ಜೀನೋಮು ಬಳೆಯ ಹಾಗೆ ಪೂರ್ತಿ ಸುತ್ತಾಗಿ ಸಿಗುತ್ತದೆ. ಆದರೆ ಎಳೆ ತುಂಡಾಗಿರಬಾರದು. ಅದಕ್ಕೆ ಹುಳ ತಾಜಾ ಇರಬೇಕು. ಫ್ರೀಜರಿನಲ್ಲಿ ಮಲಗಿಸಿ ತೆಗೆದದ್ದು ಆಗುವುದಿಲ್ಲ. ಲ್ಯಾಬಿನಲ್ಲಿ ಸಾಕಿದ ಹುಳಗಳೂ ಆಗುತ್ತಿರಲಿಲ್ಲ, ಅವುಗಳ ಮೇವಿಗೆ ಬೂಷ್ಟು ಬಾರದಂತೆ ಔಷಧಿ ಬೆರೆಸುತ್ತಿದ್ದೆವು, ಅದರಿಂದ ಒಳಗಿನ ಬ್ಯಾಕ್ಟೀರಿಯಾವೂ ಸೊರಗುತ್ತಿತ್ತು.

ಹೆಸ್ಸಾಳಿಗೆ ಕೊನೆಯ ಗಡುವು ಬಂತು. ಈ ಸೆಮಿಸ್ಟರಿನೊಳಗೆ ಪೂರ್ತಿ ಸುತ್ತಾದ, ಶುದ್ಧವಾದ ಜೀನೋಮು ತೋರಿಸದಿದ್ದರೆ ವಿಷಯವೇ ರದ್ದು, ಮೊದಲಿನಿಂದ ಬೇರೆಯದು ಶುರು ಮಾಡಬೇಕು. ಅಷ್ಟು ಹೊತ್ತಿಗೆ ಅವಳ ವಿದ್ಯಾರ್ಥಿವೇತನವೂ ನಿಲ್ಲುತ್ತಿತ್ತು. ಯಂತ್ರ ಇದ್ದದ್ದು ಬೇರೆ ಸಂಸ್ಥೆಯಲ್ಲಿ. ಅಲ್ಲಿ ಸಿಕ್ಕಿದ ಸರದಿ ಬುಧವಾರದ್ದು, ಅದು ತಪ್ಪಿದರೆ ಸೆಮಿಸ್ಟರು ಮುಗಿದ ಮೇಲೆ. ಮಂಗಳವಾರ ತೋಟದಿಂದ ತಾಜಾ ಹುಳ ಬರಲೇಬೇಕು.

"ಹುಳ ನನಗೆ ಬಿಡಿ," ಎಂದೆ ನಾನು.

ಅಲ್ ಖರ್ಜ್ ಕಡೆ ಅಬೂ ಸಾಲಿಹ್ ಎಂಬ ಹಿರಿಯರ ಖರ್ಜೂರದ ತೋಟವಿತ್ತು. ಸೂಸಾ ಹಿಡಿದ ಮರ ತೋಟದಲ್ಲಿದೆ ಎಂದರೆ ಆ ಜನಕ್ಕೆ ದೊಡ್ಡ ಮರ್ಯಾದೆಯ ಪ್ರಶ್ನೆ. ಅಲ್ಲಿಗೆ ಹೋದೆ; ನಾನೂ ಅವರೂ ಅಂಥ ಒಂದು ಮರದ ಬುಡದಲ್ಲೇ ನಿಂತಿದ್ದೆವು. ಕಾಂಡದಿಂದ ಕಂದು ರಸ ಒಸರುತ್ತಿತ್ತು. ನಾನು ಕಿವಿ ಇಟ್ಟೆ, ಒಳಗೆ ಹಪ್ಪಳ ತಿಂದ ಹಾಗೆ ಕರಕರ.

"ನನ್ನ ತೋಟದಲ್ಲಿ ಸೂಸಾ ಇಲ್ಲ," ಎಂದರು ಅಬೂ ಸಾಲಿಹ್.

"ಇಲ್ಲ, ಇಲ್ಲ. ಆದರೆ ಈ ಮರಕ್ಕೆ ಏನೋ ಅಜೀರ್ಣ ಆದ ಹಾಗಿದೆ."

"ಇರಬಹುದು."

"ಅಜೀರ್ಣದ ಮರ ಇಟ್ಟುಕೊಂಡು ಎಂತ ಮಾಡುತ್ತೀರಿ? ನಮಗೆ ಕೊಡಿ. ಅವತ್ತೇ ಪುಡಿ ಮಾಡಿಸಿ ಹೂಳಿಸುತ್ತೇವೆ, ಉಳಿದ ಮರಕ್ಕೆ ಅಜೀರ್ಣ ಹಬ್ಬುವುದಿಲ್ಲ."

ಅವರು ಗಡ್ಡ ನೀವಿಕೊಂಡರು. ನನಗೆ ಬೇಕೇ ಬೇಕು ಎಂದು ಅವರಿಗೆ ವಾಸನೆ ಹತ್ತಿತ್ತು. ಅವರೂ ನನ್ನ ಜಾತಿಯ ವ್ಯಾಪಾರಿ. ಕೊನೆಗೆ, ಹಿಂದೊಮ್ಮೆ ನಾನು ತಂದುಕೊಟ್ಟ ಉಪ್ಪಿನಕಾಯಿಯ ಮಾತೆತ್ತಿದರು. ರಿಯಾದಿನ ಮಲಾಜಿನಲ್ಲಿದ್ದ ನಮ್ಮ ಫ್ಲಾಟಿನಲ್ಲಿ ಝೊಹರಾ ಹಾಕಿದ ಮಾವಿನಕಾಯಿಯದ್ದು. ಅದರ ಒಂದು ಭರಣಿಗೆ ಒಂದು ಮರ. ನಾನು ಅರ್ಧ ಭರಣಿಯಿಂದ ಶುರು ಮಾಡಿದ್ದೆ. ಒಂದಕ್ಕೆ ನಿಂತಿತು.

ಸೋಮವಾರ ಸಂಜೆ ನೆನಪಿಸಲು ಫೋನು ಮಾಡಿದೆ. ಅಬೂ ಸಾಲಿಹ್ ಫೋನನ್ನು ಯಾವಾಗಲೂ ಸ್ಪೀಕರಿನಲ್ಲಿ ಹಾಕಿ ಚಾಪೆಯ ಮೇಲೆ ಇಡುವವರು.

"ಹಮೀದ್, ಆ ಹುಳದ ಹೊಟ್ಟೆಯಲ್ಲಿ ನಿಮಗೆ ಬೇಕಾದದ್ದಾದರೂ ಏನು?"

ಅಲ್ಲಿ "ಒಂದು ಬ್ಯಾಕ್ಟೀರಿಯಾ" ಎಂದು ಹೇಳಿ ಫೋನು ಇಡಬೇಕಿತ್ತು. ನನ್ನ ಬಾಯಿ ಬಿಡಬೇಕಲ್ಲ. ಇಷ್ಟು ಒಳ್ಳೆಯ ತಮಾಷೆ ಇರುವಾಗ ಬರೀ ಬ್ಯಾಕ್ಟೀರಿಯಾ ಎನ್ನುವುದೇ? ನನ್ನ ಪೇಟೆಯ ಅರಬಿಯಲ್ಲಿ ಹೇಳಿದೆ: "ಫೀ ವಾಹಿದ್ ಆಮಿಲ್ ದಾಖಿಲ್. ಇಕಾಮಾ ಮಾ ಫೀ." ಒಳಗೆ ಒಬ್ಬ ಕೆಲಸಗಾರ ಇದ್ದಾನೆ, ಇಕಾಮಾ ಇಲ್ಲ. ನಾಳೆ ಮಧ್ಯಾಹ್ನ ಬಂದು, ಒಳಹೊಕ್ಕು, ಅವನನ್ನು ಹೊರಗೆಳೆದು ತೆಗೆದುಕೊಂಡು ಹೋಗುತ್ತೇವೆ!

ಅಬೂ ಸಾಲಿಹ್ ಹೊಟ್ಟೆ ಹಿಡಿದು ನಕ್ಕರು. ಚಾಪೆಯ ಸುತ್ತ ಚಹಾ ಕುಡಿಯುತ್ತಾ ಕೂತಿದ್ದ ತೋಟದ ಆಳುಗಳು ನಗಲಿಲ್ಲ. ಅವರ ಕಿವಿಗೆ ಬಿದ್ದದ್ದು ಆಮಿಲ್, ಇಕಾಮಾ ಎಂಬ ಎರಡೇ ಮಾತು. ಅವರಲ್ಲಿ ಕೆಲವರ ಇಕಾಮಾ ಬೇರೆ ಕಫೀಲನ ಹೆಸರಿನಲ್ಲಿತ್ತು, ಸಿಕ್ಕಿಬಿದ್ದರೆ ಗಡೀಪಾರು ಎಂಬುದು ನನಗೆ ಗೊತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ನಾವು ಮೂವರು ಬಿಳಿ ಕೋಟು ಹಾಕಿಕೊಂಡು, ಸರಕಾರಿ ದಾಳಿಯವರ ಹಾಗೆ ದೊಡ್ಡ ಬಿಳಿ ಜಿಎಂಸಿ ಗಾಡಿಯಲ್ಲಿ, ಐಸಿನ ಡಬ್ಬ ಸಮೇತ ತೋಟಕ್ಕೆ ಇಳಿದೆವು. ಪಂಪು ಓಡುತ್ತಿತ್ತು. ಚಹಾದ ಕೆಟಲು ಇನ್ನೂ ಬಿಸಿ ಇತ್ತು. ಮರ ಕೊಯ್ಯುವ ಗರಗಸದ ಯಂತ್ರ ಮರದ ಬುಡದಲ್ಲಿ ಬಿದ್ದಿತ್ತು. ಮೇಕೆಗಳನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ.

ಅಬೂ ಸಾಲಿಹ್ ಕೋಲು ಊರಿಕೊಂಡು ಬಂದರು. ಮುಖ ಬೆಂಕಿ. "ನಿನ್ನ ಆಮಿಲ್! ನಿನ್ನ ಇಕಾಮಾ! ನನ್ನ ಜನ ಎಲ್ಲ ಓಡಿದರು! ಈಗ ಮರ ಯಾರು ಕಡಿಯುತ್ತಾರೆ, ನೀನಾ?"

ನಾನು ಗರಗಸ ಎತ್ತಿ ನೋಡಿದೆ. ಶುರು ಮಾಡುವುದು ಹೇಗೆಂದು ತಿಳಿಯಲಿಲ್ಲ. ಮೆಲ್ಲಗೆ ಕೆಳಗಿಟ್ಟೆ.

ವಿಷಯ ತಿಳಿದ ಹೆಸ್ಸಾ ನನ್ನನ್ನು ಬಯ್ಯಲಿಲ್ಲ. ಐಸಿನ ಡಬ್ಬದ ಮುಚ್ಚಳ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳ ಇಷ್ಟು ವರ್ಷದ ಓದು ಆ ಖಾಲಿ ಡಬ್ಬದಲ್ಲಿತ್ತು.

ನನ್ನಿಂದ ಆದದ್ದು ನಾನೇ ಸರಿ ಮಾಡಬೇಕು ಎಂದು ತೋಟದ ನಡುವೆ ನಿಂತು, ಪೊಲೀಸರಲ್ಲ, ಮನುಷ್ಯರನ್ನು ಹುಡುಕುತ್ತಿಲ್ಲ ಎಂದು ಹಿಂದಿಯಲ್ಲಿ ಕೂಗಿದೆ. "ಭಾಯ್! ಪೊಲೀಸ್ ನಹೀಂ ಹೈ! ಆದ್ಮಿ ನಹೀಂ ಢೂಂಢ್ ರಹೇ! ಬ್ಯಾಕ್ಟೀರಿಯಾ ಹೈ, ಬ್ಯಾಕ್ಟೀರಿಯಾ!"

ಸ್ವಲ್ಪ ಹೊತ್ತಿಗೆ ದೂರದ ಮರಗಳ ಹಿಂದಿನಿಂದ ಒಂದು ಗಂಟಲು ಕೇಳಿತು. "ಬ್ಯಾಕ್ಟೀರಿಯಾ ಕಾ ಇಕಾಮಾ ಕೈಸೇ ಹೋತಾ ಹೈ?"

ಬ್ಯಾಕ್ಟೀರಿಯಾಕ್ಕೆ ಇಕಾಮಾ ಹೇಗೆ ಇರುತ್ತದೆ! ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲು ಬಾಯಿ ತೆರೆದೆ.

"ಹಮೀದ್," ಎಂದರು ಡಾಕ್ಟರು. "ಬಾಯಿ ಮುಚ್ಚಿ."

ಮುಚ್ಚಿದೆ. ಡಾಕ್ಟರು ತಮ್ಮ ಬಿಳಿ ಕೋಟು ತೆಗೆದು ಗಾಡಿಯೊಳಗೆ ಎಸೆದರು, ನಮಗೂ ತೆಗೆಯಲು ಹೇಳಿದರು. ಅಬೂ ಸಾಲಿಹ್ ಚಾಕುವಿನಿಂದ ಕಾಂಡದ ಕೊಳೆತ ಭಾಗ ಕೆದಕಿದರು, ಒಂದೇ ಒಂದು ಹುಳ ಉರುಳಿ ಬಿತ್ತು. ಹೆಸ್ಸಾ ಗಾಡಿಯ ಹಿಂಬಾಗಿಲು ತೆರೆದು, ಬ್ಯಾಟರಿಯ ಸಣ್ಣ ಸೂಕ್ಷ್ಮದರ್ಶಕ ಇಟ್ಟು, ಅಲ್ಲೇ ಹುಳ ಬಿಚ್ಚಿದಳು. ಗಂಟು ಸಿಕ್ಕಿತು. ಅವಳು ಎದ್ದು ನಿಂತು ಮರಗಳ ಕಡೆ ತಿರುಗಿ, ತನಗೆ ಬರುವ ಅಷ್ಟಿಷ್ಟು ಉರ್ದುವಿನಲ್ಲಿ ಕೂಗಿದಳು: "ಇಕಾಮಾ ಇಲ್ಲದವನು ಸಿಕ್ಕಿದ! ಬಂದು ನೋಡಿ!"

ಮೊದಲು ಬಂದವನು ಆ ಪ್ರಶ್ನೆ ಕೇಳಿದ ಗಂಟಲಿನ ಒಡೆಯ, ಫಾರೂಕ್ ಎಂಬ ಬಂಗಾಳಿ ಮೇಸ್ತ್ರಿ. ಓಡಲು ಸಿದ್ಧವಾಗಿ ಒಂದು ಕಾಲು ಹಿಂದೆ ಇಟ್ಟುಕೊಂಡೇ ಬಗ್ಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ. ತುಂಬ ಹೊತ್ತು ನೋಡಿದ.

"ಇಷ್ಟೇನಾ? ಇವನು ಎಂತ ಕೆಲಸ ಮಾಡುತ್ತಾನೆ?"

"ಹುಳದ ಚಿಪ್ಪಿಗೆ ಸಾಮಾನು ಮಾಡಿಕೊಡುತ್ತಾನೆ," ಎಂದಳು ಹೆಸ್ಸಾ.

"ರಜೆ ಉಂಟಾ?"

"ಇಲ್ಲ."

"ಊರಿಗೆ ಹೋಗಲಿಕ್ಕೆ?"

"ಆಗುವುದಿಲ್ಲ. ಹೊರಗೆ ಬಂದರೆ ಬದುಕುವುದಿಲ್ಲ."

ಫಾರೂಕ್ ತಲೆ ಎತ್ತಿ ಅಬೂ ಸಾಲಿಹರನ್ನು ಒಮ್ಮೆ ನೋಡಿದ. ಅಬೂ ಸಾಲಿಹ್ ಆಕಾಶ ನೋಡಿದರು. ಫಾರೂಕ್ ಗರಗಸ ಎತ್ತಿಕೊಂಡ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಎಲ್ಲರಿಗೂ ಇಕಾಮಾ ಇಲ್ಲದವನನ್ನು ನೋಡಬೇಕು, ಸಾಲು ನಿಂತು ನೋಡಿದರು. ಮರ ಉರುಳಿತು, ಡಬ್ಬ ತುಂಬ ಹುಳ ಸಿಕ್ಕಿತು. ಮರವನ್ನು ಪುಡಿ ಮಾಡಿ ಗುಂಡಿಗೆ ಹಾಕಿದ್ದೂ ಅವರೇ. ಹೊರಡುವಾಗ ಅಬೂ ಸಾಲಿಹ್ ಭರಣಿ ಮೂಸಿ ನೋಡಿ, "ಮುಂದಿನ ಮರಕ್ಕೆ ಎರಡು," ಎಂದರು. ಅವರ ತೋಟದಲ್ಲಿ ಸೂಸಾ ಇರಲಿಲ್ಲ ಎಂಬುದನ್ನು ಇಬ್ಬರೂ ನೆನಪಿಸಿಕೊಳ್ಳಲಿಲ್ಲ.

ಲ್ಯಾಬಿಗೆ ಬಂದ ಕೂಡಲೇ ಬಿಚ್ಚಲು ಕೂತೆವು, ಹೆಸ್ಸಾ ಒಂದು ಕಡೆ, ನಾನು ಒಂದು ಕಡೆ. ನಾನು ಮಾಸ್ಕಿನ ಮೇಲೆ ಮಾಸ್ಕು ಹಾಕಿ, ಹೆಸ್ಸಾಳ ಕಣ್ಣೆದುರೇ ಅಂಚಿಗೆ ಟೇಪು ಅಂಟಿಸಿಕೊಂಡೆ. ಇಡೀ ತೋಟದ ಕಥೆ ಗಂಟಲಿನ ತನಕ ಬಂದು ಕುದಿಯುತ್ತಿತ್ತು. ಫಾರೂಕನ "ರಜೆ ಉಂಟಾ" ಎಂಬ ಮಾತನ್ನು ಹೇಳದೆ ಅಷ್ಟು ಹೊತ್ತು ಕೂರುವುದೆಂದರೆ ಏನೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಕೂತೆ. ಕೊನೆಯ ಗಂಟು ಎತ್ತಿದ ಮೇಲೆ ಡಾಕ್ಟರು ಬಂದು, "ಹಮೀದ್, ಹುಷಾರಿಲ್ವಾ?" ಎಂದು ಕೇಳಿದರು. ತಲೆ ಮಾತ್ರ ಆಡಿಸಿದೆ.

ಬುಧವಾರದ ಸರದಿ ತಪ್ಪಲಿಲ್ಲ. ಫಲಿತಾಂಶ ಬಂದಾಗ ಜೀನೋಮು ಬಳೆಯ ಹಾಗೆ ಪೂರ್ತಿ ಸುತ್ತು, ಎಲ್ಲೂ ಬಿರುಕಿಲ್ಲ. ಹೆಸ್ಸಾ ಪರದೆಯ ಮೇಲೆ ಹುಡುಕಿ ಹುಡುಕಿ ನೋಡಿದಳು. "ಅಮ್ಮಿ ಹಮೀದ್, ಇದರಲ್ಲಿ ನೀವು ಎಲ್ಲೂ ಇಲ್ಲ," ಎಂದಳು. ನನ್ನನ್ನು ಯಾರೂ ಇಷ್ಟು ದೊಡ್ಡದಾಗಿ ಹೊಗಳಿದ್ದಿಲ್ಲ.

ಅವಳ ಮೌಖಿಕ ಪರೀಕ್ಷೆಯ ದಿನ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಒರೆಸಿಕೊಂಡು ಕೇಳಿದರು: "ನಿಮ್ಮ ಮೊದಲ ಮಾದರಿಯಲ್ಲಿ ಕಲಬೆರಕೆ ಇತ್ತು. ಕೊನೆಯದರಲ್ಲಿ ಲವಲೇಶವೂ ಇಲ್ಲ. ವಿಧಾನದಲ್ಲಿ ಏನು ಬದಲಾಯಿಸಿದಿರಿ?"

ಹೆಸ್ಸಾ ಒಂದು ಕ್ಷಣ ನನ್ನ ಕಡೆ ನೋಡಿದಳು. "ಒಂದು ತೆರೆದ ಬಾಯಿ ಇತ್ತು, ಅದನ್ನು ಮುಚ್ಚಿಸಿದೆವು," ಎಂದಳು.

ಪರೀಕ್ಷಕರು ಯಾವುದೋ ಬಾಟಲಿಯ ಬಾಯಿ ಇರಬೇಕೆಂದುಕೊಂಡು "ಬಹಳ ಒಳ್ಳೆಯದು" ಎಂದು ಬರೆದುಕೊಂಡರು. ಡಾಕ್ಟರಿಗೆ ಆಗ ಬಂದ ಕೆಮ್ಮು ನೀರು ಕುಡಿದರೂ ನಿಲ್ಲಲಿಲ್ಲ. ಹೆಸ್ಸಾ ಪಾಸಾದಳು. ಈಗ ಅವಳಿಗೇ ವಿದ್ಯಾರ್ಥಿಗಳಿದ್ದಾರೆ.

ನಾನು ನಿವೃತ್ತನಾಗಿ ಹೊರಡುವಾಗ ಅವಳ ಪ್ರಬಂಧದ ಒಂದು ಪ್ರತಿ ಕೊಟ್ಟಳು. ಉಪ್ಪಿನಂಗಡಿಯ ಮನೆಗೆ ಬಂದು ಬ್ಯಾಗು ಬಿಚ್ಚಿದ ಮೇಲೆ ಝೊಹರಾಳನ್ನು ಕರೆದು ಕೃತಜ್ಞತೆಯ ಪುಟ ತೆರೆದೆ. ಅಲ್ಲಿ ದೊಡ್ಡ ದೊಡ್ಡವರ ಹೆಸರುಗಳ ಕೊನೆಗೆ ಒಂದು ಸಾಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ: "ಲ್ಯಾಬಿನ ಹಮೀದ್ ಅವರಿಗೆ, ಅವರ ಮೌನಕ್ಕಾಗಿ."

ಝೊಹರಾ ಮಾವಿನಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅದು ಬೇರೆ ಯಾರೋ ಹಮೀದ್ ಇರಬೇಕು," ಎಂದಳು.